ಗಂಡ ಅಮೆರಿಕದ ಸಿಟಿಜನ್, ಇಬ್ಬರೂ ಸದ್ಯಕ್ಕೆ ಜರ್ಮನಿಯಲ್ಲಿ. ನನ್ನ ವೀಸಾಗೆ ಇಲ್ಲಿಂದಲೇ ಅರ್ಜಿ ಹಾಕಬಹುದಾ?

ಮ್ಯೂನಿಕ್‌ವಾಸಿ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನನ್ನದು ಭಾರತದ ಪಾಸ್‌ಪೋರ್ಟ್. ನಮ್ಮವರು ಅಮೆರಿಕದ ಸಿಟಿಜನ್, ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಅಲ್ಲೇ. ಮದುವೆಗೆ ಸ್ವಲ್ಪ ಮುಂಚೆ ಅವರ ಕಂಪನಿ ಎರಡು ವರ್ಷದ ಡೆಪ್ಯುಟೇಷನ್ ಅಂತ ಅವರನ್ನು ಮ್ಯೂನಿಕ್‌ಗೆ ಕಳಿಸಿತು. ಮದುವೆ ಬೆಂಗಳೂರಲ್ಲಿ ಆಯ್ತು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿಯೂ ಆಗಿದೆ. ಆಮೇಲೆ ನಾನು ನೇರ ಇಲ್ಲಿಗೆ ಬಂದೆ. ಅಮೆರಿಕವನ್ನು ನಾನು ಇನ್ನೂ ಕಣ್ಣಲ್ಲಿ ಕಂಡಿಲ್ಲ.

ಡೆಪ್ಯುಟೇಷನ್ ಮುಗಿದ ಮೇಲೆ ಅವರು ವಾಪಸ್ ಹೋಗಲೇಬೇಕು, ಕಾಗದದಲ್ಲೇ ಹಾಗಿದೆ. ಆಗ ನಾನೂ ಜೊತೆಗೇ ಹೋಗಬೇಕು ಅನ್ನೋದು ನಮ್ಮ ಆಸೆ. ಪರಿಚಯದವರು ಹೇಳಿದರು ಅಂತ ಒಬ್ಬ ಸಲಹೆಗಾರರ ಜೊತೆ ಫೋನಲ್ಲಿ ಮಾತಾಡಿದೆವು. ಅವರು ಹೇಳಿದ್ದು ಇಷ್ಟು: "ಸ್ಪಾನ್ಸರ್, ಅಂದರೆ ನಿಮ್ಮ ಗಂಡ, ಅಮೆರಿಕದಲ್ಲಿ ಇಲ್ಲದಿದ್ದರೆ ಅರ್ಜಿನೇ ಹಾಕೋಕಾಗಲ್ಲ. ಮೊದಲು ಅವರು ಹೋಗಲಿ, ಆರು ತಿಂಗಳ ಪೇಸ್ಲಿಪ್ ಬರಲಿ, ಆಮೇಲೆ ಹಾಕೋಣ. ನೀವು ಅಷ್ಟರ ತನಕ ಇಂಡಿಯಾದಲ್ಲಿ ಇರಿ." ಈ ಮಾತಿಗೂ ಮೊದಲೇ ಫೀಸ್ ಇಸ್ಕೊಂಡಿದ್ದರು, ಅದು ಬೇರೆ ವಿಷಯ.

ಅವರ ಲೆಕ್ಕ ನಿಜ ಆದರೆ ನಾವು ಎರಡು ವರ್ಷ ಬೇರೆ ಬೇರೆ ಇರಬೇಕಾಗುತ್ತದೆ. ನಿಜವಾಗಲೂ ಹೀಗೇ ಇದೆಯಾ ನಿಯಮ? ನಮ್ಮವರ ಸಂಬಳ ಈಗ ಜರ್ಮನಿಯ ಶಾಖೆಯಿಂದ ಬರುತ್ತದೆ, ಯೂರೋದಲ್ಲಿ. ಅಮೆರಿಕದಲ್ಲಿ ಮನೆಯೂ ಇಲ್ಲ, ಬರುವಾಗ ಬಾಡಿಗೆ ಮನೆ ಬಿಟ್ಟು ಬಂದರು. ಅತ್ತೆ ಮಾವ ನ್ಯೂಜೆರ್ಸಿಯಲ್ಲಿ ಇದ್ದಾರೆ. ಇಂಟರ್‌ವ್ಯೂ ಎಲ್ಲಿ ಆಗುತ್ತದೆ, ಇಲ್ಲೋ ಮುಂಬೈಯಲ್ಲೋ ಅನ್ನೋದೂ ಗೊತ್ತಾಗ್ತಿಲ್ಲ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಡಾಲಸ್ ಕನ್ನಡಿಗ

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ ಮೇಡಂ. ಬಿ-2 ತಗೊಂಡು ಟೂರಿಸ್ಟ್ ಅಂತ ಬನ್ನಿ, ಇಲ್ಲಿ ಬಂದ ಮೇಲೆ ಗ್ರೀನ್ ಕಾರ್ಡ್‌ಗೆ ಹಾಕಿ. ಸಿಟಿಜನ್ ಹೆಂಡತಿ ಅಂದಮೇಲೆ ಯಾರೂ ಕೇಳಲ್ಲ. ನಮ್ಮ ಕಡೆ ಎಷ್ಟೋ ಜನ ಮಾಡಿದ್ದಾರೆ.

ಸ್ಟುಟ್‌ಗಾರ್ಟ್ ಬಿಟ್ಟವನು

ಮೊದಲು ಮೇಲಿನ ಸಲಹೆಯನ್ನು ಪಕ್ಕಕ್ಕಿಡಿ. ಸುತ್ತಾಡೋಕೆ ಅಂತ ವೀಸಾ ತಗೊಂಡು, ಅಲ್ಲೇ ಉಳಿಯೋ ಉದ್ದೇಶವನ್ನು ಮುಚ್ಚಿಟ್ಟು ಹೋದರೆ ಅದು ಆಫೀಸರ್ ಮುಂದೆ ಸುಳ್ಳು ಹೇಳಿದ ಹಾಗೆ. ಹಾಗಂತ ಫೈಲ್‌ನಲ್ಲಿ ಬರೆದರೆ ಜೀವನಪೂರ್ತಿ ತಡೆ ಬೀಳುತ್ತದೆ. ಆಮೇಲೆ ಅದಕ್ಕೆ ಮಾಫಿ ಕೇಳಿ ಬೇರೆ ಅರ್ಜಿ. ಎಷ್ಟೋ ಜನ ಮಾಡಿರಬಹುದು. ಸಿಕ್ಕಿಬಿದ್ದವರು ಬಂದು ಇಲ್ಲಿ ಬರೆಯಲ್ಲ, ಅಷ್ಟೇ.

ಈಗ ನಿಮ್ಮ ವಿಷಯ. ನಾನು ಸಿಟಿಜನ್, ನನ್ನ ಹೆಂಡತಿ ಭಾರತದ ಪಾಸ್‌ಪೋರ್ಟಿನವಳು, ಕಂಪನಿ ನನ್ನನ್ನು ಸ್ಟುಟ್‌ಗಾರ್ಟ್‌ಗೆ ಕಳಿಸಿತ್ತು. ಅಂದರೆ ನಿಮ್ಮ ಕಥೆಯೇ. ಅರ್ಜಿ ಹಾಕಿದ್ದು ಅಲ್ಲಿಂದಲೇ, ಇಂಟರ್‌ವ್ಯೂ ಆಗಿದ್ದು ಫ್ರಾಂಕ್‌ಫರ್ಟ್‌ನಲ್ಲಿ. ಇಬ್ಬರೂ ಒಂದೇ ವಿಮಾನದಲ್ಲಿ ಹೋದೆವು.

ನಿಮ್ಮ ಸಲಹೆಗಾರರು ಎರಡು ಬೇರೆ ಬೇರೆ ಹಂತಗಳನ್ನು ಕಲಸಿಬಿಟ್ಟಿದ್ದಾರೆ. ಮೊದಲ ಹಂತ ಐ-130. "ಇವಳು ನನ್ನ ಹೆಂಡತಿ" ಅಂತ ಗಂಡ ಸರ್ಕಾರಕ್ಕೆ ಹೇಳೋ ಅರ್ಜಿ. ಇದಕ್ಕೆ ಅವರು ಅಮೆರಿಕದಲ್ಲಿ ಇರಬೇಕು ಅಂತ ಎಲ್ಲೂ ಇಲ್ಲ. ಮ್ಯೂನಿಕ್‌ನ ಅಡುಗೆಮನೆ ಟೇಬಲ್ ಮೇಲೆ ಕೂತು ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಖಾತೆ ತೆರೆದು ಆನ್‌ಲೈನ್‌ನಲ್ಲೇ ಹಾಕಬಹುದು. 2024ರ ಏಪ್ರಿಲ್‌ನಲ್ಲಿ ಬದಲಾದ ದರದ ಪ್ರಕಾರ ಆನ್‌ಲೈನ್‌ಗೆ 625 ಡಾಲರ್, ಕಾಗದದಲ್ಲಿ ಹಾಕಿದರೆ 675. ಇದೊಂದೇ ಮಂಜೂರಾಗೋಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು. ಹಾಗಾಗಿ ಇದನ್ನು ಈ ವಾರವೇ ಹಾಕಿ. "ಮೊದಲು ಹೋಗಲಿ, ಆಮೇಲೆ ಹಾಕೋಣ" ಅನ್ನೋದು ಸುಮ್ನೆ ಸಮಯ ಕಳೆಯೋ ಮಾತು.

ಎರಡನೇ ಹಂತದಲ್ಲಿ ಬರುತ್ತದೆ ಐ-864, ಅಫಿಡವಿಟ್ ಆಫ್ ಸಪೋರ್ಟ್. ಹೆಂಡತಿಯ ಖರ್ಚಿನ ಜವಾಬ್ದಾರಿ ನನ್ನದು ಅಂತ ಸ್ಪಾನ್ಸರ್ ಬರೆದುಕೊಡೋ ಕಾಗದ. ಇಲ್ಲಿ ಸ್ಪಾನ್ಸರ್‌ಗೆ ಅಮೆರಿಕದಲ್ಲಿ 'ಡೊಮಿಸೈಲ್', ಅಂದರೆ ಕಾಯಂ ನೆಲೆ, ಇರಬೇಕು. ನಿಮ್ಮನ್ನು ಹೆದರಿಸಿದ್ದು ಇದನ್ನೇ ಹಿಡ್ಕೊಂಡು. ಆದರೆ ಡೊಮಿಸೈಲ್ ಅಂದರೆ ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ ಅನ್ನೋದಲ್ಲ. ಸ್ವಲ್ಪ ಕಾಲಕ್ಕೆ ಮಾತ್ರ ಹೊರಗೆ ಬಂದಿದ್ದಾರೆ, ಬರುವಾಗಲೇ ವಾಪಸ್ ಹೋಗೋ ಉದ್ದೇಶ ಇತ್ತು, ನಂಟು ಕಡಿದುಕೊಂಡಿಲ್ಲ, ಈ ಮೂರನ್ನು ಕಾಗದದಲ್ಲಿ ತೋರಿಸಿದರೆ ಡೊಮಿಸೈಲ್ ಉಳಿದಿದೆ ಅಂತಲೇ ಅರ್ಥ. ಅದು ಸಾಲದು ಅನಿಸಿದರೂ ಇನ್ನೊಂದು ದಾರಿ ಇದೆ. ನಿಮ್ಮ ಜೊತೆಗೋ ನಿಮಗಿಂತ ಮುಂಚೆಯೋ ಅವರು ಹೋಗಿ ನೆಲೆಸ್ತಾರೆ ಅನ್ನೋದಕ್ಕೆ ತಯಾರಿ ತೋರಿಸಬೇಕು. ಅಲ್ಲಿನ ಕೆಲಸದ ಪತ್ರ, ಬಾಡಿಗೆ ಒಪ್ಪಂದ, ಸಾಮಾನು ಸಾಗಿಸೋ ಕೊಟೇಷನ್, ಈ ಥರ. ಆರು ತಿಂಗಳ ಪೇಸ್ಲಿಪ್ ಅನ್ನೋದು ಎಲ್ಲಿಂದ ಬಂತೋ ನನಗಂತೂ ಗೊತ್ತಿಲ್ಲ, ನಿಯಮದಲ್ಲಿ ಅದಿಲ್ಲ.

ಡೆಪ್ಯುಟೇಷನ್ ಮೇಲೆ ಬಂದವರಿಗೆ ಎಲ್ಲಕ್ಕಿಂತ ಗಟ್ಟಿ ಕಾಗದ ಕಂಪನಿಯ ಪತ್ರವೇ. ನಾನು ಎಚ್‌ಆರ್ ಹತ್ತಿರ ಬರೆಸಿದ್ದರಲ್ಲಿ ಇದ್ದದ್ದು: ಯಾವ ತಾರೀಖಿಗೆ ಕಳಿಸಿದೆವು, ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಅಮೆರಿಕದ ಯಾವ ಊರಿನ ಯಾವ ಹುದ್ದೆಗೆ ವಾಪಸ್, ಅಲ್ಲಿ ಸಂಬಳ ಡಾಲರ್‌ನಲ್ಲಿ ಎಷ್ಟು. ಆ ಕೊನೆಯ ಸಾಲಿಗೆ ಎಚ್‌ಆರ್ ತಕರಾರು ಮಾಡುತ್ತಾರೆ, "ಮುಂದಿನ ಸಂಬಳ ಈಗಲೇ ಹೇಳೋಕಾಗಲ್ಲ" ಅಂತ. ಬಿಡಬೇಡಿ. ಯಾಕೆ ಅಂದರೆ ಹೊರದೇಶದ ಸಂಬಳವನ್ನು ಲೆಕ್ಕಕ್ಕೆ ತಗೊಳ್ಳೋದು, ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಅದು ಮುಂದುವರಿದರೆ ಮಾತ್ರ. ಮ್ಯೂನಿಕ್ ಶಾಖೆಯ ಯೂರೋ ಸಂಬಳ ಎಷ್ಟೇ ದೊಡ್ಡದಿರಲಿ, ಅದು ಅಲ್ಲಿಗೇ ನಿಲ್ಲೋದಾದರೆ ಆಫೀಸರ್ ಕಣ್ಣಿಗೆ ಸೊನ್ನೆ.

ಬೇಕಾದ ಮೊತ್ತ ಮಾತ್ರ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಬಡತನ ರೇಖೆಯ 125 ಪರ್ಸೆಂಟ್. 2025ರ ಪಟ್ಟಿಯಲ್ಲಿ ಇಬ್ಬರ ಮನೆಗೆ ವರ್ಷಕ್ಕೆ 26,437 ಡಾಲರ್. ಪ್ರತಿ ವರ್ಷ ಬದಲಾಗುತ್ತದೆ, ಐ-864ಪಿ ಅನ್ನೋ ಹಾಳೆಯಲ್ಲಿ ನೋಡ್ಕೊಳ್ಳಿ.

ಇನ್ನೊಂದು ಚಿಕ್ಕ ವಿಷಯ. ಚಿಕ್ಕದು ಅಂತ ಎಲ್ಲರೂ ದಾಟಿಬಿಡ್ತಾರೆ. ಐ-864ರಲ್ಲಿ ಸ್ಪಾನ್ಸರ್ ವಿಳಾಸದ ಕೆಳಗೆ 'ಕಂಟ್ರಿ ಆಫ್ ಡೊಮಿಸೈಲ್' ಅಂತ ಒಂದು ಖಾನೆ ಇದೆ. ಮೇಲಿನ ಸಾಲಲ್ಲಿ ಮ್ಯೂನಿಕ್ ವಿಳಾಸ ಬರೆದ ಕೈ ಹಾಗೇ ಕೆಳಗೂ ಜರ್ಮನಿ ಅಂತ ತುಂಬಿಬಿಡುತ್ತದೆ. ವಾಸದ ವಿಳಾಸ ಜರ್ಮನಿ, ಡೊಮಿಸೈಲ್ ಅಮೆರಿಕ. ಎರಡೂ ಒಟ್ಟಿಗೆ ನಿಜ ಆಗಿರಬಹುದು. ಅದನ್ನು ಜೊತೆಗೊಂದು ಪುಟದ ಪತ್ರದಲ್ಲಿ ವಿವರಿಸಿ.

ನಂಟು ಉಳಿದಿದೆ ಅನ್ನೋದಕ್ಕೆ ನಾನು ಕೊಟ್ಟದ್ದು: ಅಮೆರಿಕದ ಬ್ಯಾಂಕ್ ಸ್ಟೇಟ್‌ಮೆಂಟ್, ಅಣ್ಣನ ಮನೆ ವಿಳಾಸಕ್ಕೆ ಬರ್ತಿದ್ದ ಪೋಸ್ಟ್, ಚಾಲ್ತಿಯಲ್ಲಿರೋ ಡ್ರೈವಿಂಗ್ ಲೈಸೆನ್ಸ್, ಹೊರಗಿಂದ ಮತ ಹಾಕೋಕೆ ಹೆಸರು ಕೊಟ್ಟಿದ್ದರ ದಾಖಲೆ, ತೆರಿಗೆ ಟ್ರಾನ್ಸ್‌ಕ್ರಿಪ್ಟ್ (ಹಾಕಿದ ರಿಟರ್ನ್‌ನ ಸರ್ಕಾರಿ ಸಾರಾಂಶ). ಬ್ಯಾಂಕ್ ಖಾತೆಯನ್ನಂತೂ ಮುಚ್ಚಲೇಬೇಡಿ. ಐ-130 ಆದ ಮೇಲೆ ಫೈಲ್ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ 325 ಮತ್ತು 120 ಡಾಲರ್ ಎರಡು ಫೀಸ್ ಕಟ್ಟೋಕೆ ಅಮೆರಿಕದ ಬ್ಯಾಂಕ್ ಖಾತೆ ನಂಬರೇ ಬೇಕು. ಜರ್ಮನಿಯ ಕಾರ್ಡ್ ನಡೆಯಲ್ಲ.

ಇಂಟರ್‌ವ್ಯೂಗೆ ಗಂಡ ಬರಲೇಬೇಕು ಅಂತಿಲ್ಲ. ನನ್ನಾಕೆ ಒಬ್ಬಳೇ ಕಿಟಕಿ ಮುಂದೆ ನಿಂತಳು. ಹೇಗೆ ಪರಿಚಯ, ಮದುವೆಗೆ ಯಾರು ಯಾರು ಬಂದಿದ್ದರು ಅಂತೆಲ್ಲ ಕೇಳ್ತಾರೆ ಅಂತ ಫೋಟೋ ಆಲ್ಬಮ್ ಹೊತ್ತು ಹೋಗಿದ್ದಳು. ಅದನ್ನು ತೆರೆಯಲೂ ಇಲ್ಲ. ಆಫೀಸರ್ ಕೇಳಿದ್ದು, "ವಿಮಾನ ಇಳಿದ ದಿನ ಎಲ್ಲಿ ಉಳ್ಕೊಳ್ತೀರಿ? ನಿಮ್ಮ ಗಂಡ ಯಾವತ್ತು ಹೊರಡ್ತಾರೆ?" ಇವಳು ಅಣ್ಣನ ಪತ್ರ, ಕಂಪನಿ ಪತ್ರ ಎರಡನ್ನೂ ಕಿಟಕಿಯ ಕೆಳಗಿನ ಸಂದಿಯಲ್ಲಿ ತಳ್ಳಿದಳು. ಅವರು ತಾರೀಖಿನ ಮೇಲೆ ಬೆರಳಿಟ್ಟು ಓದಿ, ತಲೆ ಆಡಿಸಿದರು. ಅಷ್ಟೇ. ಆ ಎರಡು ಕಾಗದ ಇಲ್ಲದಿದ್ದರೆ 221(ಜಿ) ಅಂತ ಒಂದು ಚೀಟಿ ಕೊಟ್ಟು, ಪುರಾವೆ ತನ್ನಿ ಅಂತ ಕಳಿಸ್ತಾರೆ. ಅದು ಪೂರ್ತಿ ತಿರಸ್ಕಾರ ಅಲ್ಲ, ಆದರೆ ವಾರಗಟ್ಟಲೆ ತಿನ್ನುತ್ತದೆ.

ಡಾಲಸ್ ಕನ್ನಡಿಗ

ಮಾವನವರು ನ್ಯೂಜೆರ್ಸಿಯಲ್ಲೇ ಇದ್ದಾರಲ್ಲ. ಅವರನ್ನು ಜಾಯಿಂಟ್ ಸ್ಪಾನ್ಸರ್, ಅಂದರೆ ಜೊತೆಗೆ ಸಹಿ ಹಾಕೋ ಎರಡನೇ ಜವಾಬ್ದಾರ, ಮಾಡಿದರೆ ಈ ಡೊಮಿಸೈಲ್ ಗಲಾಟೆಯೇ ಇರಲ್ಲ ಅಲ್ವಾ?

ಸ್ಟುಟ್‌ಗಾರ್ಟ್ ಬಿಟ್ಟವನು

ಇಲ್ಲ. ಜಾಯಿಂಟ್ ಸ್ಪಾನ್ಸರ್ ಮುಚ್ಚೋದು ಆದಾಯದ ಕೊರತೆಯನ್ನು ಮಾತ್ರ. ಗಂಡ ತನ್ನ ಐ-864 ಕೊಡಲೇಬೇಕು, ಅವರ ಡೊಮಿಸೈಲ್ ಅವರೇ ತೋರಿಸಬೇಕು. ಇದನ್ನು ಮಾವನ ತಲೆಗೆ ಕಟ್ಟೋಕಾಗಲ್ಲ.

ಮಾವನವರಿಂದ ಬೇರೆ ಉಪಯೋಗ ಇದೆ. "ಮಗ ಸೊಸೆ ಬಂದು ನಮ್ಮ ಮನೆಯಲ್ಲಿ ಇರ್ತಾರೆ" ಅಂತ ಒಂದು ಪತ್ರ, ಜೊತೆಗೆ ಅವರ ಮನೆಯ ಕಾಗದದ ಪ್ರತಿ. ಬಾಡಿಗೆ ಮನೆ ಹುಡುಕೋ ಅವಸರ ತಪ್ಪುತ್ತದೆ.

ಅಕಸ್ಮಾತ್ ಅವರನ್ನು ಜಾಯಿಂಟ್ ಸ್ಪಾನ್ಸರ್ ಮಾಡಲೇಬೇಕಾಗಿ ಬಂದರೆ ಸಹಿಗೆ ಮುಂಚೆ ಕೂರಿಸಿ ಹೇಳಿ. ಅದು ಬರೀ ಶಿಫಾರಸು ಪತ್ರ ಅಲ್ಲ, ಕಾನೂನಿನ ಕರಾರು. ಸೊಸೆ ಸಿಟಿಜನ್ ಆಗೋ ತನಕ, ಇಲ್ಲ 40 ಕ್ವಾರ್ಟರ್ (ಸುಮಾರು ಹತ್ತು ವರ್ಷ) ದುಡಿಮೆ ಲೆಕ್ಕಕ್ಕೆ ಸೇರೋ ತನಕ ನಡೆಯುತ್ತದೆ. ಗಂಡ ಹೆಂಡತಿ ಬೇರೆಯಾದರೂ ಮಾವನ ಜವಾಬ್ದಾರಿ ಬೇರೆಯಾಗಲ್ಲ.

ಲೆಕ್ಕದಮ್ಮ

ತೆರಿಗೆ ಟ್ರಾನ್ಸ್‌ಕ್ರಿಪ್ಟ್ ಅಂತ ಒಂದೇ ಪದದಲ್ಲಿ ದಾಟಿಬಿಟ್ಟರು ಇವರು, ನಾನು ಅಲ್ಲೇ ನಿಲ್ಲುತ್ತೀನಿ. ಹೊರದೇಶದಲ್ಲಿರೋ ಅಮೆರಿಕನ್ನರ ರಿಟರ್ನ್ ಮಾಡೋದೇ ನನ್ನ ಹೊಟ್ಟೆಪಾಡು.

ಮಗಳೇ, ಮೊದಲು ನಿನ್ನ ಗಂಡನನ್ನು ಕೇಳು: ಜರ್ಮನಿಗೆ ಬಂದ ಮೇಲೆ ಅಮೆರಿಕದ ರಿಟರ್ನ್ ಹಾಕ್ತಿದ್ದಾನಾ? "ಇಲ್ಲಿ ಇಷ್ಟು ತೆರಿಗೆ ಕಟ್ತೀನಿ, ಅಲ್ಲಿಗ್ಯಾಕೆ" ಅಂತ ಬಿಟ್ಟಿರೋರು ಜಾಸ್ತಿ. ಸಿಟಿಜನ್ ಎಲ್ಲೇ ಇರಲಿ ಹಾಕಬೇಕು. ಗಂಡ ಹೆಂಡತಿ ಬೇರೆ ಬೇರೆ ಫೈಲ್ ಮಾಡೋ ವರ್ಗದಲ್ಲಿ 5 ಡಾಲರ್ ಆದಾಯ ಇದ್ದರೂ ಹಾಕಬೇಕು, ತಮಾಷೆ ಅಲ್ಲ. ಹೊರಗಿನ ಬ್ಯಾಂಕ್ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ಸಲ 10,000 ಡಾಲರ್ ದಾಟಿದ್ದರೂ ಎಫ್‌ಬಾರ್ ಅನ್ನೋ, ಆ ಖಾತೆಗಳ ವರದಿ ಬೇರೆ. ಬಿಟ್ಟಿದ್ದರೆ ಗಾಬರಿ ಬೇಡ. ಬೇಕಂತಲೇ ಮುಚ್ಚಿಟ್ಟಿಲ್ಲದವರಿಗೆ ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಾರ್ ಹಾಕಿ ಸರಿ ಮಾಡ್ಕೊಳ್ಳೋ ದಾರಿಯನ್ನು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಇಟ್ಟಿದೆ. ಅದನ್ನು ಇಂಟರ್‌ವ್ಯೂಗೆ ಹಿಂದಿನ ವಾರ ಮಾಡೋಕೆ ಹೋಗಬೇಡಿ.

ಇನ್ನು ಹಾಕ್ತಿದ್ದರೆ, ಹೇಗೆ ಹಾಕ್ತಿದ್ದಾನೆ ಅನ್ನೋದು ಮುಖ್ಯ. ಎರಡು ದಾರಿ ಇದೆ. ಫಾರ್ಮ್ 2555 ಹಾಕಿದರೆ ಹೊರಗಿನ ಸಂಬಳವನ್ನು ಒಂದು ಮಿತಿಯ ತನಕ ಆದಾಯದಿಂದಲೇ ತೆಗೆದುಹಾಕ್ತಾರೆ. ತೆರಿಗೆ ಸೊನ್ನೆ, ಖುಷಿ. ಆದರೆ ಐ-864 ಕೇಳೋದು 1040ರ, ಅಂದರೆ ಅಮೆರಿಕದ ಮುಖ್ಯ ರಿಟರ್ನ್ ಫಾರ್ಮಿನ, 'ಟೋಟಲ್ ಇನ್‌ಕಮ್' ಸಾಲನ್ನು. ಅಲ್ಲೂ ಸೊನ್ನೆ, ಇಲ್ಲವೇ ಅದರ ಹತ್ತಿರ! ಒಳ್ಳೆ ಸಂಬಳದ ಇಂಜಿನಿಯರ್ ಕಾಗದದ ಮೇಲೆ ಭಿಕಾರಿ. ಇನ್ನೊಂದು ದಾರಿ ಫಾರ್ಮ್ 1116. ಜರ್ಮನಿಗೆ ಕಟ್ಟಿದ ತೆರಿಗೆಯನ್ನು ಅಮೆರಿಕದ ತೆರಿಗೆಯಲ್ಲಿ ವಜಾ ಹಾಕ್ಕೊಳ್ಳೋದು. ಜರ್ಮನಿಯ ತೆರಿಗೆ ದರವೇ ಮೇಲಿರೋದರಿಂದ ಸಂಬಳದ ಮೇಲೆ ಅಮೆರಿಕಕ್ಕೆ ಕಟ್ಟೋದು ಏನೂ ಉಳಿಯದೆ ಇರೋದೇ ಜಾಸ್ತಿ. ಆದಾಯ ಮಾತ್ರ ಪೂರ್ತಿ ಕಾಣುತ್ತದೆ.

ಈಗಾಗಲೇ 2555 ಹಾಕಿದ್ದರೆ ಅದೇನೂ ತಪ್ಪಲ್ಲ, ಅದಕ್ಕಾಗಿ ಹಳೆ ರಿಟರ್ನ್ ಕೆದಕೋದು ಬೇಡ. ಆ ಫಾರ್ಮನ್ನೂ, ಜರ್ಮನಿಯ ಸಂಬಳದ ಚೀಟಿಗಳನ್ನೂ ಲಗತ್ತಿಸಿ, "ಸೊನ್ನೆ ಯಾಕೆ ಬಂತು" ಅಂತ ಎರಡು ಸಾಲು ಬರೆದುಕೊಡಿ. ಒಂದು ಸಲ 2555 ಹಿಡಿದು ಆಮೇಲೆ ಬಿಟ್ಟರೆ, ಐಆರ್‌ಎಸ್ ಒಪ್ಪಿಗೆ ಇಲ್ಲದೆ ಐದು ವರ್ಷ ಅದಕ್ಕೆ ವಾಪಸ್ ಬರೋಕಾಗಲ್ಲ ಅನ್ನೋದೂ ಗಮನದಲ್ಲಿ ಇರಲಿ. ಎರಡೇ ವರ್ಷಕ್ಕೆ ಬಂದವರಿಗೆ ಅದರಿಂದ ದೊಡ್ಡ ನಷ್ಟ ಏನಿಲ್ಲ ಅನ್ನಿ.

ಮ್ಯೂನಿಕ್‌ವಾಸಿ

ಲೆಕ್ಕದಮ್ಮ ಅವರೇ, ಕೇಳಿದೆ. ಹಾಕ್ತಿದ್ದಾರಂತೆ, 2555ರಲ್ಲೇ. "ಸಾಫ್ಟ್‌ವೇರ್ ಅದನ್ನೇ ತೋರಿಸಿತು, ಒತ್ತಿದೆ" ಅಂದರು. ಈ ವರ್ಷದ್ದಕ್ಕೆ 1116 ನೋಡ್ತೀವಿ.

ಸ್ಟುಟ್‌ಗಾರ್ಟ್ ಸರ್, ನಿಮ್ಮ ಉತ್ತರ ಓದಿ ನಿನ್ನೆ ರಾತ್ರಿಯೇ ಐ-130 ತುಂಬೋಕೆ ಕೂತೆವು. ಮೊದಲ ಪುಟದಲ್ಲೇ ನಿಂತೆವು. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ. ಹೆಸರೂ ಅಪ್ಪನ ಹೆಸರೂ ಸೇರಿ ಎಲ್ಲ ಗಿವನ್ ನೇಮ್‌ನಲ್ಲೇ ಇದೆ. ಏನು ಬರೆಯೋದು? ಇನ್ನೊಂದು, ಡೆಪ್ಯುಟೇಷನ್ ಮುಗಿಯೋದರೊಳಗೆ ಇದು ಮುಗಿಯದಿದ್ದರೆ ಏನು ಗತಿ? ನನ್ನ ಇಲ್ಲಿನ ಪರ್ಮಿಟ್ ಅವರದ್ದಕ್ಕೇ ಅಂಟಿಕೊಂಡಿದೆ.

ಸ್ಟುಟ್‌ಗಾರ್ಟ್ ಬಿಟ್ಟವನು

ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದವರು ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬರೆಯುತ್ತಾರೆ. ಅದು ಹಾಗೇ ವೀಸಾಗೆ, ಗ್ರೀನ್ ಕಾರ್ಡಿಗೆ, ಅಲ್ಲಿಂದ ಲೈಸೆನ್ಸಿಗೆ, ಬ್ಯಾಂಕಿಗೆ ಹೋಗುತ್ತದೆ. ಅಮೆರಿಕದಲ್ಲಿ ಎಫ್‌ಎನ್‌ಯು ಅನ್ನೋ ಹೆಸರಿನ ನಮ್ಮ ಕಡೆಯವರು ಎಷ್ಟು ಜನ ಇದ್ದಾರೋ ದೇವರಿಗೇ ಗೊತ್ತು. ನಿಮಗೆ ಟೈಮ್ ಇದೆ. ಜರ್ಮನಿಯ ಭಾರತೀಯ ಕಾನ್ಸುಲೇಟ್‌ನಲ್ಲೇ ಪಾಸ್‌ಪೋರ್ಟ್ ರೀಇಶ್ಯೂಗೆ ಹಾಕಿ, ಹೆಸರನ್ನು ಎರಡಾಗಿ ಹಂಚಿಸಿಕೊಳ್ಳಿ. ಅದಕ್ಕೋಸ್ಕರ ಐ-130 ನಿಲ್ಲಿಸಬೇಡಿ. ಈಗಿನ ಪಾಸ್‌ಪೋರ್ಟ್ ಪ್ರಕಾರ ಹಾಕಿ, ಹೊಸದು ಬಂದ ಮೇಲೆ ವೀಸಾ ಸೆಂಟರ್ ಹಂತದಲ್ಲಿ ಡಿಎಸ್-260 ಅನ್ನೋ ವೀಸಾ ಅರ್ಜಿ ತುಂಬುವಾಗ ಹೊಸ ಪ್ರತಿ ಕೊಡಿ.

ಎರಡನೇ ಪ್ರಶ್ನೆ ನಿಜವಾಗಲೂ ಯೋಚಿಸಬೇಕಾದ್ದು. 2025ರ ನವೆಂಬರ್‌ನಿಂದ ನಿಯಮ ಬಿಗಿಯಾಗಿದೆ. ಇಮಿಗ್ರಂಟ್ ವೀಸಾ ಇಂಟರ್‌ವ್ಯೂ ನೀವು ವಾಸ ಮಾಡೋ ದೇಶದಲ್ಲಿ, ಇಲ್ಲ ಕೇಳಿಕೊಂಡರೆ ನಿಮ್ಮ ಪಾಸ್‌ಪೋರ್ಟಿನ ದೇಶದಲ್ಲಿ. ನಿಮಗೆ ಅಂದರೆ ಫ್ರಾಂಕ್‌ಫರ್ಟ್ ಅಥವಾ ಮುಂಬೈ. ಜರ್ಮನಿಯಲ್ಲಿ ಈ ಕೆಲಸ ನಡೆಯೋದು ಫ್ರಾಂಕ್‌ಫರ್ಟ್‌ನಲ್ಲಿ, ಮ್ಯೂನಿಕ್ ಕಾನ್ಸುಲೇಟ್ ಬಾಗಿಲಿಗೆ ಹೋಗಿ ಪ್ರಯೋಜನ ಇಲ್ಲ. ಪರ್ಮಿಟ್ ಇರೋ ತನಕ ಫ್ರಾಂಕ್‌ಫರ್ಟ್ ಇಟ್ಟುಕೊಳ್ಳಿ. ಅದು ಮುಗಿಯೋದು ಖಾತ್ರಿ ಆದಾಗ ಮುಂಬೈಗೆ ಬದಲಿಸಿ ಅಂತ ಬರೆಯಬಹುದು. ಆಗ ನೀವು ಇಂಡಿಯಾಕ್ಕೆ ಹೋಗಿ ಕಾಯಬೇಕು, ಅವರು ಅಮೆರಿಕದಿಂದ ಕಾಯಬೇಕು. ಆದರೂ ಸಲಹೆಗಾರರ ಲೆಕ್ಕದ ಎರಡು ವರ್ಷ ಅಲ್ಲ, ಕೊನೆಯ ಬಾಲ ಮಾತ್ರ.

ಎರಡೂ ಕಡೆಗೆ ಆಗೋ ಹಾಗೆ ಕಾಗದ ಜೋಡಿಸಿಡಿ. ಪೊಲೀಸ್ ಸರ್ಟಿಫಿಕೇಟ್ ಭಾರತದ್ದೂ ಬೇಕು. ಜರ್ಮನಿಯಲ್ಲಿ ಆರು ತಿಂಗಳ ಮೇಲೆ ವಾಸ ಇರೋದರಿಂದ ಅಲ್ಲಿನ ಪೊಲೀಸ್ ಸರ್ಟಿಫಿಕೇಟ್ ಆದ ಫ್ಯೂರುಂಗ್ಸ್‌ತ್ಸೊಯ್ಗ್ನಿಸ್ ಕೂಡ ಬೇಕು, ಅದು 13 ಯೂರೋ. ಈ ಜರ್ಮನ್ ಕಾಗದ ಫ್ರಾಂಕ್‌ಫರ್ಟ್‌ನಲ್ಲಿ ಹಾಗೇ ನಡೆಯುತ್ತದೆ, ಮುಂಬೈಗೆ ಹೋದರೆ ಇಂಗ್ಲಿಷ್ ಅನುವಾದ ಬೇಕು. ಮದುವೆ ಸರ್ಟಿಫಿಕೇಟ್ ಕನ್ನಡದಲ್ಲಿ ಮಾತ್ರ ಇದ್ದರೆ ಅದಕ್ಕೂ ಅನುವಾದ ಮಾಡಿಸಿಡಿ.

ಕಂಪನಿ ದಿಢೀರ್ ಅಂತ "ಮುಂದಿನ ತಿಂಗಳೇ ವಾಪಸ್ ಬಾ" ಅಂದರೆ ಒಂದು ಕಿರುದಾರಿ ಇದೆ. ಸಾಮಾನ್ಯವಾಗಿ ಕಾನ್ಸುಲೇಟ್ ಐ-130 ಮುಟ್ಟಲ್ಲ. ಆದರೆ ಕಡಿಮೆ ನೋಟಿಸ್‌ನಲ್ಲಿ ಕೆಲಸದ ವರ್ಗಾವಣೆ ಆದರೆ, ಅಲ್ಲೇ ನೇರವಾಗಿ ತಗೊಳ್ಳೋ ಅವಕಾಶ ನಿಯಮದಲ್ಲಿ ಇದೆ. ತಗೊಳ್ಳೋದು ಬಿಡೋದು ಅವರ ಇಷ್ಟ. ಯುಎಸ್‌ಸಿಐಎಸ್‌ಗೆ ಮೊದಲೇ ಹಾಕಿದ ಅರ್ಜಿ ಇದ್ದರೆ ಸಾಮಾನ್ಯವಾಗಿ ಎರಡನೆಯದನ್ನು ಒಪ್ಪಲ್ಲ. ನಿಮ್ಮವರಿಗೆ ವಾಪಸ್ ಹೋಗೋ ತಾರೀಖು ಮೊದಲೇ ಗೊತ್ತಿರೋದರಿಂದ ಇದನ್ನು ನಂಬಿ ಕೂರಬೇಡಿ.

ಸಿಂಗಪುರದಿಂದ

ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮದೂ ಹೀಗೇ, ಆದರೆ ಗಂಡನಿಗೆ ಗ್ರೀನ್ ಕಾರ್ಡ್, ಸಿಟಿಜನ್ ಅಲ್ಲ. ಇದೆಲ್ಲ ನಮಗೂ ಅನ್ವಯಿಸುತ್ತದಾ?

ಲೆಕ್ಕದಮ್ಮ

ಡೊಮಿಸೈಲ್ ಮಾತು ಅನ್ವಯಿಸುತ್ತದೆ, ಉಳಿದದ್ದು ಬೇರೆಯೇ. ನಿನ್ನದು ಎಫ್2ಎ, ಗ್ರೀನ್ ಕಾರ್ಡ್‌ನವರ ಹೆಂಡತಿ ಬರೋ ವರ್ಗ, ಕೋಟಾ ಇದೆ, ಸರದಿ ಕಾಯಬೇಕು. ಅದಕ್ಕಿಂತ ಮುಖ್ಯ, ನಿನ್ನ ಗಂಡ ಒಂದು ವರ್ಷ ಅಥವಾ ಜಾಸ್ತಿ ಹೊರಗಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗೋಕಾಗಲ್ಲ. ರೀಎಂಟ್ರಿ ಪರ್ಮಿಟ್ ಬೇಕು, ಅದಕ್ಕೆ ಅಮೆರಿಕದ ಒಳಗೆ ಇದ್ದಾಗಲೇ ಐ-131 ಹಾಕಿರಬೇಕು. ಹಾಕಿದ್ದಾನಾ ಅಂತ ಇವತ್ತೇ ಕೇಳು. ಮೊದಲು ಅವನ ಕಾರ್ಡ್ ಉಳಿಯಲಿ. ಬೇರೆ ಪೋಸ್ಟ್ ಹಾಕು, ಅಲ್ಲಿ ವಿವರವಾಗಿ ಬರೀತೀನಿ.

ಮ್ಯೂನಿಕ್‌ವಾಸಿ

ಐ-130 ಹೋಯ್ತು! ರಸೀದಿಯೂ ಬಂತು. ಕಂಪನಿ ಪತ್ರಕ್ಕೆ ಎಚ್‌ಆರ್‌ಗೆ ಮೇಲ್ ಹಾಕಿದ್ದಾರೆ. ಸರ್ ಹೇಳಿದ ಹಾಗೇ ಸಂಬಳದ ಸಾಲಿಗೆ ತಕರಾರು ಶುರುವಾಗಿದೆ.

ಕೊನೆಯ ಪ್ರಶ್ನೆ. ಮದುವೆಯಾಗಿ ಎರಡು ವರ್ಷ ಆಗೋ ಹೊತ್ತಿಗೆ ಸರಿಯಾಗಿ ವೀಸಾ ಬರೋ ಹಾಗೆ ಕಾಣುತ್ತದೆ. ಎರಡು ವರ್ಷಕ್ಕೆ ಮುಂಚೆ ಹೋದರೆ ಬೇರೆ ಥರ ಕಾರ್ಡ್ ಅಂತಾರಲ್ಲ, ಅದೇನು?

ಸ್ಟುಟ್‌ಗಾರ್ಟ್ ಬಿಟ್ಟವನು

ಒಳ್ಳೇದಾಯ್ತು. ಅಮೆರಿಕದ ಒಳಗೆ ಕಾಲಿಡೋ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಆರ್-1. ಎರಡು ವರ್ಷದ ಷರತ್ತಿನ ಕಾರ್ಡ್ ಕೊಡುತ್ತಾರೆ, ಅದು ಮುಗಿಯೋ ಮುಂಚಿನ 90 ದಿನದಲ್ಲಿ ಇಬ್ಬರೂ ಸೇರಿ ಐ-751 ಹಾಕಿ ಸಂಸಾರ ನಡೀತಿದೆ ಅಂತ ಮತ್ತೆ ಸಾಬೀತು ಮಾಡಬೇಕು. ಮತ್ತೆ ಫೀಸ್, ಮತ್ತೆ ಕಾಯೋದು. ಎರಡು ವರ್ಷ ತುಂಬಿದ್ದರೆ ಐಆರ್-1, ನೇರ ಹತ್ತು ವರ್ಷದ ಕಾರ್ಡ್. ವೀಸಾ ಸಾಮಾನ್ಯವಾಗಿ ಮೆಡಿಕಲ್ ಆದ ದಿನದಿಂದ ಆರು ತಿಂಗಳ ತನಕ ಚಾಲ್ತಿ ಇರುತ್ತದೆ. ವಾರ್ಷಿಕೋತ್ಸವ ಆ ಅವಧಿಯೊಳಗೇ ಬೀಳೋದಾದರೆ ಟಿಕೆಟ್ ಅದರ ಮಾರನೇ ದಿನಕ್ಕೆ ಮಾಡಿಸಿ. ಪಾಸ್‌ಪೋರ್ಟಲ್ಲಿ ಸಿಆರ್-1 ಅಂತ ಅಂಟಿಸಿದ್ದರೂ ಪರವಾಗಿಲ್ಲ, ವಿಮಾನ ನಿಲ್ದಾಣದ ಆಫೀಸರ್‌ಗೆ ಮದುವೆ ಸರ್ಟಿಫಿಕೇಟ್ ತೋರಿಸಿ ಐಆರ್-1 ಅಂತ ಬದಲಿಸಿ ಅಂತ ಕೇಳಿ. ಸರ್ಟಿಫಿಕೇಟ್ ಕೈಚೀಲದಲ್ಲಿ ಇರಲಿ, ಚೆಕ್‌ಇನ್ ಮಾಡೋ ಸೂಟ್‌ಕೇಸಲ್ಲಿ ಬೇಡ.